ಶಿಕ್ಷಕಿಯಾಗುವ ಹಂಬಲವೇ ಇಲ್ಲದೆ ಬಿ.ಎಡ್. ಸೇರಬಹುದೇ?

ಬಿ.ಎಸ್ಸಿ. ಆಗಿದೆ, ಮದುವೆಯ ತನಕ ಬಿ.ಎಡ್. ಮಾಡು ಅಂತ ಮನೆಯವರು, ಸಮುದಾಯಕ್ಕಾಗಿ ಕಲಿಸಬೇಕೆಂಬ ಹಂಬಲ ಮಾತ್ರ ನಿಮಗಿಲ್ಲ, ಹಂಬಲ ಮೊದಲೇ ಇರಬೇಕಲ್ಲವೇ ಎಂದು ಕೇಳಿದ್ದೀರಿ. 2018ರಲ್ಲಿ ಉಳ್ಳಾಲದಿಂದ ಬಸ್ ಹತ್ತಿ ಮಂಗಳೂರಿಗೆ ಬಿ.ಎಡ್. ಕಲಿಯಲು ಹೋದಾಗ ನನಗೂ ಇರಲಿಲ್ಲ. ನಮ್ಮ ಬ್ಯಾಚಿನ ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯ, ನಮ್ಮ ಮಾತಿನ ಹೆಸರೂ ಅದೇ) ಹುಡುಗಿಯರಲ್ಲಿ ಹೆಚ್ಚಿನವರು ಸೇರಿದ್ದು, ಟೀಚರ್ ಕೆಲಸವೆಂದರೆ ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ ಎಂಬ ಕಾರಣಕ್ಕೆ.

ಆಸೆ ಹುಟ್ಟಿದ್ದು ಇಂಟರ್ನ್‌ಶಿಪ್‌ನಲ್ಲಿ. 2020ರ ಜನವರಿ, ಸರ್ಕಾರಿ ಶಾಲೆಯ ಏಳನೇ ಕ್ಲಾಸು, ಆಮ್ಲ-ಪ್ರತ್ಯಾಮ್ಲ ಪಾಠ. ದಾಸವಾಳದ ಎಸಳು ಬಿಸಿನೀರಿನಲ್ಲಿ ನೆನೆಸಿ ಸೂಚಕ ಮಾಡಿಟ್ಟಿದ್ದೆ. ಹಿಂದಿನ ಬೆಂಚಿನಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬನಿಗೆ, ಮನೆಯಿಂದ ಹುಳಿಯದ್ದು ಏನಾದರೂ ತಾ ಎಂದು ಬ್ಯಾರಿಯಲ್ಲಿ ಹೇಳಿದೆ. ಮರುದಿನ ಚಡ್ಡಿ ಕಿಸೆಯಿಂದ ನಾಲ್ಕು ಬಿಂಬುಳಿ ಎಂಬ ಹುಳಿಕಾಯಿ ತೆಗೆದ. ರಸ ಹಿಂಡಿದರೆ ನೀರು ಕಡುಗುಲಾಬಿ, ಸೋಪಿನ ನೀರು ಬಿಟ್ಟರೆ ಹಸಿರು. ಯಾರೂ ಕರೆಯದೆ ಎದ್ದುಬಂದು, ಯಾಕೆ ಹಾಗಾಯಿತೆಂದು ಕನ್ನಡದಲ್ಲೇ ಹೇಳಿದ.

ಅದೇ ತಿಂಗಳು, ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಿಗೆ ಪದ್ಮಶ್ರೀ ಘೋಷಣೆಯಾಯಿತು. ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ಕಿತ್ತಳೆಯ ರೇಟು ಕೇಳಿದಾಗ ಉತ್ತರಿಸಲಾಗದ ಸಂಕಟದಿಂದಲೇ ಅವರು ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಲು ಹೊರಟದ್ದು. ಹಂಬಲ ಮೊದಲೇ ಇರಬೇಕು ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ನನ್ನನ್ನು ಕೆಡಿಸಿದ್ದು ಬೇರೆ. ಬಿ.ಎಡ್. ಮುಗಿದ ಮೇಲಿನ ಮೊದಲ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೊರೊನಾ ಗಲಾಟೆಯಲ್ಲಿ ನನಗೆ ತಪ್ಪಿಹೋಯಿತು. 2021ರ ಆಗಸ್ಟ್‌ನದ್ದನ್ನು ನಾನೇ ಬಿಟ್ಟೆ. ಆಗ ಮದುವೆಯ ಮಾತುಕತೆ ನಡೆಯುತ್ತಿತ್ತು. ಹುಡುಗನ ಕಡೆಯವರು ಕೆಲಸಕ್ಕೆ ಕಳಿಸುತ್ತಾರೋ ಇಲ್ಲವೋ, ಸುಮ್ಮನೆ ಬರೆದು ಏನು ಮಾಡಲಿ ಅಂದುಕೊಂಡೆ. ಗಮನಿಸಿ, ಬರೆಯಬೇಡ ಎಂದು ಉಮ್ಮ ಹೇಳಿರಲಿಲ್ಲ, ಬಾಪನೂ ಹೇಳಿರಲಿಲ್ಲ, ಹುಡುಗನ ಮನೆಯವರನ್ನು ನಾನು ಕೇಳಿಯೇ ಇರಲಿಲ್ಲ. ಅವರ ಬಾಯಿಂದ ಬರಬಹುದಾದ 'ಬೇಡ'ವನ್ನು ನಾನೇ ನನಗೆ ಹೇಳಿಕೊಂಡೆ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಟಿಇಟಿ ಇಲ್ಲದವರಿಗೆ ಅರ್ಜಿ ಹಾಕಲು ಬರುತ್ತಿರಲಿಲ್ಲ. ಆ ಹೊತ್ತಿಗೆ ಮದುವೆಯಾಗಿತ್ತು. "ಅಷ್ಟು ಕಲಿತು ಟಿಇಟಿ ಯಾಕೆ ಬರೀಲಿಲ್ಲ?" ಎಂದು ಕೇಳಿದ್ದು ನನ್ನ ಗಂಡ.

ಆ ವರ್ಷದ ನವೆಂಬರ್‌ನಲ್ಲಿ ಬರೆದೆ, ಪಾಸಾದೆ. ಅಂಥ ಅವಕಾಶ ಮತ್ತೆ ಕೈಗೆ ಸಿಗಲಿಲ್ಲ. ಈಗ ಅತಿಥಿ ಶಿಕ್ಷಕಿ. ಪ್ರತಿ ಜೂನ್‌ನಲ್ಲಿ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನ್ ಹಿಡಿದು ಕೂರುತ್ತೇನೆ. ನನ್ನ ಬೆಂಚ್‌ಮೇಟ್ 2022ರ ಆ ನೇಮಕಾತಿಯಲ್ಲಿ ಆಯ್ಕೆಯಾಗಿ ಖಾಯಂ ಆಗಿದ್ದಾಳೆ.

ಎಂ.ಎಸ್ಸಿ.ಯೋ ಬಿ.ಎಡ್.ಓ ಅಂತಲೂ ಕೇಳಿದ್ದೀರಿ. ಸೇರಿ, ಬಿ.ಎಡ್.ಗೇ ಸೇರಿ. ಆದರೆ ಮದುವೆಯ ತನಕ ಎಂದು ಸೇರಬೇಡಿ. ಕೊನೆಯ ವರ್ಷದಲ್ಲೇ ಟಿಇಟಿ ಬರೆಯಬಹುದು, ಪಾಸಾದರೆ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆ ಇದೆ. 2ಬಿ (ಮುಸ್ಲಿಮರ ಮೀಸಲಾತಿ ವರ್ಗ) ಎಂದು ಅಂಕದಲ್ಲಿ ರಿಯಾಯಿತಿ ಇಲ್ಲ, 150ಕ್ಕೆ 90 ಬೇಕೇ ಬೇಕು. ಸಂಬಂಧ ನೋಡಲು ಬಂದವರಿಗೆ ಮೊದಲ ದಿನವೇ ಹೇಳಿ, ನಾನು ಕಲಿಸುವವಳು ಅಂತ.