ಅಜ್ಜನ ಕೋವಿಯನ್ನು ಓದಲು ಕಲಿಸಿದವರು

ಮನೆಯಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡಿ ನಳಿಗೆ ಕೋವಿ ಇದೆ, ಇಂಥವುಗಳ ಬಗ್ಗೆ ಬರೆದವರಲ್ಲಿ ಯಾರನ್ನು ಓದಬೇಕು ಎಂದು ಕೇಳಿದ್ದೀರಿ. ನಾನು ಹೇಳುವುದು ಒಂದೇ ಹೆಸರು: ಬ್ರಿಟನ್ನಿನ ಕೋವಿ ತಜ್ಞ, ಲೇಖಕ ಜೆಫ್ರಿ ಬೂತ್‌ರಾಯ್ಡ್. ಅವರು ತೀರಿಕೊಂಡದ್ದು 2001ರಲ್ಲಿ. ಇಂದಿಗೂ ಅವರ ಪುಸ್ತಕ ನನ್ನ ಮೇಜು ಬಿಟ್ಟು ಕಪಾಟು ಸೇರಿಲ್ಲ.

ಈ ಹೆಸರು ಹೇಳಿದೊಡನೆ ಎಲ್ಲರೂ ಜೇಮ್ಸ್ ಬಾಂಡ್ ಕಥೆ ತೆಗೆಯುತ್ತಾರೆ. ನಿಜ, 1956ರಲ್ಲಿ ಬಾಂಡ್ ಕಾದಂಬರಿಗಳ ಲೇಖಕ ಇಯಾನ್ ಫ್ಲೆಮಿಂಗ್ ಅವರಿಗೆ ಪತ್ರ ಬರೆದು, ನಿಮ್ಮ ನಾಯಕನ ಪುಟ್ಟ ಬೆರೆಟ್ಟಾ ಪಿಸ್ತೂಲು ಅವನ ಕೆಲಸಕ್ಕೆ ಸಾಲದು ಎಂದವರು ಇವರೇ. ಫ್ಲೆಮಿಂಗ್ ಆ ಮಾತನ್ನು ಒಪ್ಪಿ, 'ಡಾಕ್ಟರ್ ನೋ' ಕಾದಂಬರಿಯಲ್ಲಿ ಶಸ್ತ್ರತಜ್ಞನಿಗೆ ಮೇಜರ್ ಬೂತ್‌ರಾಯ್ಡ್ ಎಂದೇ ಹೆಸರಿಟ್ಟರು. ಆದರೆ ಅವರನ್ನು ಇಷ್ಟಕ್ಕೇ ನೆನೆದು ಸುಮ್ಮನಾಗುವುದು ನನಗೆ ಬೇಸರದ ಸಂಗತಿ.

ಲಂಡನ್ನಿನ ಪರ್ಡಿಯಂಥ ದುಬಾರಿ ಕೋವಿಗಳನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಬೂತ್‌ರಾಯ್ಡ್ ಸಣ್ಣ ಊರುಗಳ ಕೋವಿ ತಯಾರಕರನ್ನೂ ಅಷ್ಟೇ ಗೌರವದಿಂದ ಕಂಡರು. ಮಗಳು ಸೂಸನ್ ಜೊತೆಗೂಡಿ ಬ್ರಿಟನ್ನಿನ ತಯಾರಕರ ಹೆಸರುಗಳನ್ನು ಒಂದು ಕೋಶವಾಗಿ ಕಟ್ಟಿಕೊಟ್ಟರು. ಕೋವಿಯ ಮೇಲೆ ಕೊರೆದ ಹೆಸರು ಎಷ್ಟೋ ಸಲ ಮಾರಿದವರದು, ಮಾಡಿದವರದಲ್ಲ ಎಂಬುದು ನನಗೆ ತಿಳಿದದ್ದೂ ಇಂಥ ಓದಿನಿಂದಲೇ.

ನಮ್ಮದು ಕೊಡಗು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅಜ್ಜನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜಿಸುತ್ತೇವೆ. ನಳಿಗೆಗಳ ನಡುವಿನ ಪಟ್ಟಿಯಲ್ಲಿ ಕಲ್ಕತ್ತದ ರೊಡ್ಡಾ ಕಂಪನಿಯ ಹೆಸರಿರುವುದರಿಂದ ಮನೆಯವರೆಲ್ಲ ಅದನ್ನು ಕಲ್ಕತ್ತದ ಕೋವಿ ಎಂದೇ ಕರೆಯುತ್ತಿದ್ದರು. ಒಂದು ವರ್ಷ ಹಬ್ಬಕ್ಕೆ ಮುಂಚೆ ಎಣ್ಣೆ ಹಾಕಲೆಂದು ನಳಿಗೆ ಕಳಚಿ ಮಗುಚಿ ನೋಡಿದೆ. ತಳದ ಚಪ್ಪಟೆ ಭಾಗದಲ್ಲಿ ಒಂದು ಕಿರೀಟ, ಅದರ ಕೆಳಗೆ ಅಡ್ಡಡ್ಡವಾಗಿ ಎರಡು ರಾಜದಂಡ, ಎಡೆಗಳಲ್ಲಿ ಬಿ, ಪಿ, ಸಿ ಅಕ್ಷರಗಳು. ಅದು ನಳಿಗೆ ತಾಳುತ್ತದೆಯೇ ಎಂದು ಪರೀಕ್ಷಿಸಿ ಒತ್ತುವ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ. ಪಕ್ಕದಲ್ಲಿ ಸವೆದು ಹೋದ ಅಕ್ಷರಗಳಲ್ಲಿ 'ನಾಟ್ ಫಾರ್ ಬಾಲ್' ಎಂದಿತ್ತು. ಬಾಯಿ ಕಿರಿದಾಗಿಸಿದ ಈ ನಳಿಗೆಯಲ್ಲಿ ಒಂಟಿ ಗುಂಡು ಹಾರಿಸಬಾರದು, ಚರೆ ಮಾತ್ರ ಎಂದು ಅದರ ಅರ್ಥ. ಆ ಮಾತನ್ನು ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಅಂದರೆ ಕೋವಿ ಅಜ್ಜನಿಗಿಂತಲೂ ಹಿರಿದು! ಆ ರಾತ್ರಿ ನಾನು ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ನೀವೂ ಹಾಗೇ ಮಾಡಿ. ಮೊದಲು ಕೋವಿ ಖಾಲಿ ಇದೆಯೇ ನೋಡಿ, ಆಮೇಲೆ ನಳಿಗೆ ಕಳಚಿ ಹಗಲಿನ ಬೆಳಕಿಗೆ ಹಿಡಿಯಿರಿ. ಮೈಮೇಲೆ ನೀರಿನ ಅಲೆಯಂಥ ಗೆರೆಗಳಿದ್ದರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬೆಸೆದು ಮಾಡಿದ ಡಮಾಸ್ಕಸ್ ನಳಿಗೆ. ಅಂಥ ನಳಿಗೆಗಳಲ್ಲಿ ಹಲವು ಹಳೆಯ ಕಾಲದ ಕರಿಮದ್ದಿಗೆಂದೇ ಪರೀಕ್ಷಿಸಿದಂಥವು. ಹಳೆಯ ಕೋವಿ ಬಲ್ಲ ಕೆಲಸಗಾರರಿಗೆ ತೋರಿಸುವ ತನಕ ಇಂದಿನ ತೋಟಾ ಹಾಕಿ ಹಾರಿಸಲೇಬೇಡಿ. ತಳದಲ್ಲಿ ಯಾವ ಮುದ್ರೆಗಳು ಕಂಡವೆಂದು ಇಲ್ಲೇ ಬರೆಯಿರಿ, ಪುಸ್ತಕ ತೆರೆದಿಟ್ಟುಕೊಂಡೇ ಉತ್ತರಿಸುತ್ತೇನೆ.