ವಾಷಿಂಗ್ಟನ್ ರಾಜ್ಯದಲ್ಲಿ ಕಾಂಟ್ರಾಕ್ಟರ್ ನೋಂದಣಿ: ನಾನೇ ನವೀಕರಿಸಲೇ, ಏಜೆಂಟರಿಗೆ ಕೊಡಲೇ?

ಸ್ವಂತ ಹೆಸರಲ್ಲಿದ್ದ ವ್ಯವಹಾರವನ್ನು ಹೋದ ವರ್ಷ ಎಲ್‌ಎಲ್‌ಸಿ (ಮಾಲೀಕನ ಹೊಣೆಗೆ ಮಿತಿಯಿರೋ ಕಂಪನಿ) ಮಾಡಿಕೊಂಡೆ, ಮುಂದಿನ ತಿಂಗಳು ಕಾಂಟ್ರಾಕ್ಟರ್ ನೋಂದಣಿಯ ಅವಧಿ ಮುಗಿಯುತ್ತೆ, ನಾನೇ ನವೀಕರಿಸಲೇ, ಏಜೆಂಟರಿಗೆ ಕೊಡಲೇ ಅಂತ ಕೇಳಿದ್ದೀರಿ. ಎಲ್‌ಎಲ್‌ಸಿ ಹೆಸರಿಗೆ ಅದನ್ನು ನೀವೂ ನವೀಕರಿಸೋಕಾಗಲ್ಲ, ಏಜೆಂಟರಿಗೂ ಆಗಲ್ಲ ಸ್ವಾಮಿ. ನಿಮ್ಮ ಎಲ್‌ಎಲ್‌ಸಿಗೆ ನೋಂದಣಿ ಅನ್ನೋದೇ ಇಲ್ಲ.

ಇದೇ ಗುಂಡಿಗೆ ಬಿದ್ದು ಎದ್ದವನು ನಾನು. ಸಿಯಾಟಲ್ ಪಕ್ಕ ಅಡುಗೆಮನೆ, ಬಚ್ಚಲುಮನೆ ರೀಮಾಡೆಲಿಂಗ್ ಕೆಲಸ. ಕಂಪನಿಗಳನ್ನು ದಾಖಲಿಸೋ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಎಲ್‌ಎಲ್‌ಸಿ ಆಯಿತು, ಹೊಸ ಯುಬಿಐ ಸಂಖ್ಯೆ (ವ್ಯವಹಾರಕ್ಕೆ ರಾಜ್ಯ ಕೊಡೋ ಗುರುತಿನ ಸಂಖ್ಯೆ) ಬಂತು, ಬ್ಯಾಂಕ್ ಖಾತೆ ಬದಲಾಯಿತು. ಲೇಬರ್ ಅಂಡ್ ಇಂಡಸ್ಟ್ರೀಸ್ ಇಲಾಖೆ ಕೊಡೋ ಕಾಂಟ್ರಾಕ್ಟರ್ ನೋಂದಣಿ ಮಾತ್ರ ಹಳೇದೇ. ಅದು ಎರಡು ವರ್ಷದ್ದು, ಇನ್ನೂ ಏಳು ತಿಂಗಳಿತ್ತು. ನವೀಕರಣದ ಹೊತ್ತಿಗೆ ಹೆಸರು ತಿದ್ದಿದರಾಯ್ತು ಅಂದುಕೊಂಡೆ.

ಅಲ್ಲೇ ಕೆಟ್ಟಿದ್ದು. ಇದು ಹೆಸರು ಬದಲಾವಣೆ ಅಲ್ಲ, ಆಸಾಮಿಯೇ ಬೇರೆ. ಕಾನೂನಿನ ಲೆಕ್ಕದಲ್ಲಿ ನಾನೊಬ್ಬ, ನನ್ನ ಎಲ್‌ಎಲ್‌ಸಿ ಇನ್ನೊಬ್ಬ. ಅಣ್ಣನ ಲೈಸೆನ್ಸ್ ಇಟ್ಟುಕೊಂಡು ತಮ್ಮ ಗಾಡಿ ಓಡಿಸಿದ ಹಾಗೆ. ಬಾಂಡ್ (ನಾನು ತಪ್ಪಿದರೆ ದುಡ್ಡು ತುಂಬಿಕೊಡೋ ಜಾಮೀನು) ಕೊಟ್ಟ ಕಂಪನಿ ಹೊಣೆ ಹೊತ್ತದ್ದು ನನಗೆ, ಎಲ್‌ಎಲ್‌ಸಿಗಲ್ಲ. ವಿಮೆಯೂ ಹಾಗೆಯೇ. ಆ ಏಳು ತಿಂಗಳಲ್ಲಿ ಎಲ್‌ಎಲ್‌ಸಿ ಹೆಸರಲ್ಲಿ ಸಹಿ ಹಾಕಿದ ಒಂದು ಅಡುಗೆಮನೆ ಕೆಲಸದ ಕೊನೆ ಕಂತು, 11,600 ಡಾಲರ್, ಮನೆಯವರು ಕೊಡಲಿಲ್ಲ. ವಕೀಲರು ಕರಾರಿನ ಕೆಳಗಿದ್ದ ಹೆಸರನ್ನು ಇಲಾಖೆಯ ಜಾಲತಾಣದಲ್ಲಿ ಹುಡುಕಿ, ಸುಮ್ಮನೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಅಲ್ಲಿ ಏನೂ ಇರಲಿಲ್ಲ. ರಾಜ್ಯದ ಕಾನೂನು 18.27.080ರ ಪ್ರಕಾರ ದುಡ್ಡಿಗಾಗಿ ದಾವೆ ಹೂಡುವವನು ಕರಾರು ಮಾಡಿಕೊಂಡ ಹೊತ್ತಿಗೇ ನೋಂದಣಿ ಇತ್ತೆಂದು ತೋರಿಸಬೇಕು. ಆಮೇಲೆ ಓಡಿಹೋಗಿ ಮಾಡಿಸಿದ್ದು ಹಳೇ ಕರಾರಿಗೆ ಒದಗಲ್ಲ. ಸಾಲದ್ದಕ್ಕೆ, ನೋಂದಣಿ ಇಲ್ಲದೆ ಕೆಲಸ ಮಾಡೋದು ಅಲ್ಲಿ ಕ್ರಿಮಿನಲ್ ಅಪರಾಧ.

ಹಾಗಾಗಿ ಎಲ್‌ಎಲ್‌ಸಿ ಹೆಸರಲ್ಲಿ ಹೊಸ ಅರ್ಜಿ ಹಾಕಿ. ಬಾಂಡ್ ಹೊಸದೇ ಬೇಕು: ಜನರಲ್ ಕಾಂಟ್ರಾಕ್ಟರಿಗೆ 30,000 ಡಾಲರ್, ಟೈಲ್ಸ್ ಅಥವಾ ಪೇಂಟಿಂಗ್ ಥರ ಒಂದೇ ಕಸುಬಿನವರಿಗೆ 15,000. 2024ರ ಜುಲೈಗೆ ಮುಂಚೆ ಇವು 12,000 ಮತ್ತು 6,000 ಇದ್ದವು. ಹಳೇ ಮೊತ್ತದ ಬಾಂಡ್ ನಡೆಯಲ್ಲ. ವಿಮೆ ಸಾರ್ವಜನಿಕ ಹೊಣೆಗೆ 2,00,000, ಆಸ್ತಿ ಹಾನಿಗೆ 50,000, ಇಲ್ಲವೇ ಎರಡೂ ಸೇರಿ 2,50,000. ವಿಮೆ ಸರ್ಟಿಫಿಕೇಟಿನ ‘ಸರ್ಟಿಫಿಕೇಟ್ ಹೋಲ್ಡರ್’ ಜಾಗದಲ್ಲಿ ಇಲಾಖೆಯ ಹೆಸರಿರಬೇಕು, ನಿಮ್ಮ ಗಿರಾಕಿಯದ್ದಲ್ಲ. ಅರ್ಜಿ, ಬಾಂಡ್, ವಿಮೆ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಸೆಕ್ರೆಟರಿ ಆಫ್ ಸ್ಟೇಟ್ ದಾಖಲೆಯಲ್ಲಿರೋ ಹೆಸರಿನ ಜೊತೆ ಅಕ್ಷರಕ್ಕಕ್ಷರ ಹೋಲಿಸಿ. ಒಂದರಲ್ಲಿ ಕೊನೆಯ ‘ಎಲ್‌ಎಲ್‌ಸಿ’ ಬಿಟ್ಟುಹೋಗಿರುತ್ತೆ, ನೋಡ್ತಿರಿ.

ಎಲ್‌ಎಲ್‌ಸಿ ನೋಂದಣಿ ಕೈಗೆ ಬರೋವರೆಗೆ ಅದರ ಹೆಸರಲ್ಲಿ ಒಂದು ಕರಾರಿಗೂ ಸಹಿ ಬೇಡ. ಸ್ವಂತ ಹೆಸರಲ್ಲಿ ಒಪ್ಪಿಕೊಂಡ ಕೆಲಸ ಇನ್ನೂ ನಡೀತಿದ್ದರೆ ಹಳೇ ನೋಂದಣಿಯನ್ನೂ ನವೀಕರಿಸಿ, ಅದು ದಂಡ ಅನ್ನಿಸಿದರೂ ಸರಿ.

ಇಷ್ಟಕ್ಕೆ ಏಜೆಂಟರು ಯಾಕೆ? ಬಾಂಡ್, ವಿಮೆಯ ಕಾಗದ ಹೇಗೂ ನಿಮ್ಮ ವಿಮೆ ಬ್ರೋಕರ್ ಕಳಿಸ್ತಾರೆ. ನೋಂದಣಿ ಎರಡು ವರ್ಷದ್ದಾದರೂ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. ನಡುವೆ ಹೊಸ ಸರ್ಟಿಫಿಕೇಟ್ ಇಲಾಖೆಗೆ ಮುಟ್ಟದಿದ್ದರೆ ನೋಂದಣಿ ಅಮಾನತಾಗುತ್ತೆ. ಈ ತಾರೀಖು ನಿಮಗೇ ನೆನಪಿರಬೇಕು.

ನೋಂದಣಿ ಸಂಖ್ಯೆಯೂ ಬದಲಾಗುತ್ತೆ. ಜಾಹೀರಾತಲ್ಲಿ ಅದು ಇರಲೇಬೇಕಾದ್ದರಿಂದ ವ್ಯಾನ್ ಮೇಲಿನ ಸ್ಟಿಕರ್, ವಿಸಿಟಿಂಗ್ ಕಾರ್ಡ್ ಬದಲಾಯಿಸಿ. 1,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಮನೆ ಕೆಲಸಕ್ಕೆ ಗಿರಾಕಿಯಿಂದ ಸಹಿ ಹಾಕಿಸಿಕೊಳ್ಳೋ ತಿಳಿವಳಿಕೆ ಪತ್ರದಲ್ಲೂ ಹೊಸ ಸಂಖ್ಯೆ ಬರಲಿ. ಆ ಪತ್ರ ಕೊಡದಿದ್ದರೆ ಬಾಕಿಗಾಗಿ ಮನೆ ಮೇಲೆ ಲೀನ್ (ಆಸ್ತಿ ಮೇಲಿನ ಕಾನೂನು ಹಕ್ಕು) ಹಾಕೋಕೂ ಬರಲ್ಲ. ಸಹಿಯಾದ ಪ್ರತಿ ಮೂರು ವರ್ಷ ಫೈಲಲ್ಲಿರಲಿ.