ಸಾರು ಕುದಿಯೋದ್ರೊಳಗೆ ಎರಡು ಸಾಲು

ಹೋದ ತಿಂಗಳು ಗುಬ್ಬಿ ಕಡೆಯವರೊಬ್ರು ಹಳೇ ಸ್ವೆಟರ್ ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿದೆ, ಮತ್ತೆ ಹೆಣೀಬಹುದಾ ಅಂತ ಕೇಳಿದ್ರು. ದೊಡ್ಡ ಬಳೆ ಥರ ಸುತ್ತಿ ಲಡಿ ಮಾಡಿ ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ನೆರಳಲ್ಲಿ ನೇತುಹಾಕಿ, ಒಣಗೋಷ್ಟರಲ್ಲಿ ಸೀದಾ ಆಗುತ್ತೆ ಅಂತ ನಾಲ್ಕು ಸಾಲು ಬರೆದಿದ್ದೆ ಅಷ್ಟೇ. ಈ ತಿಂಗಳು ಬಂದಿರೋ ಪತ್ರ ಎಲ್ಲಾ ಉಲ್ಲನ್ದೇ! ಸಾರಿನ ಪುಡಿ, ಬಿ.ಪಿ., ಮಕ್ಕಳ ಓದು ಅಂತ ಕೇಳಿದವರು ಮುಂದಿನ ತಿಂಗಳ ತನಕ ಸ್ವಲ್ಪ ಕಾಯ್ರಪ್ಪ.

ಪ್ರಶ್ನೆ: ನಂಗೆ 34 ವರ್ಷ, ತುಮಕೂರಲ್ಲಿ ಮನೆ. ಇಬ್ಬರು ಮಕ್ಕಳು, ಯಜಮಾನ್ರು ದಿನಾ ಟ್ರೇನಲ್ಲಿ ಬೆಂಗಳೂರಿಗೆ ಹೋಗಿ ಬರ್ತಾರೆ. ಸಣ್ಣವಳಿದ್ದಾಗ ಅಜ್ಜಿ ಹತ್ರ ನಿಟ್ಟಿಂಗ್ ಕಲ್ತಿದ್ದೆ, ಈಗ ಮತ್ತೆ ಶುರು ಮಾಡಿದೀನಿ. ಆದ್ರೆ ಕೂತಿದ್ದೇ ತಡ ಯಾರಾದ್ರೂ ಕರೀತಾರೆ, ವಾಪಸ್ ಬಂದು ನೋಡಿದ್ರೆ ಎಲ್ಲಿ ಬಿಟ್ಟೆ ಅನ್ನೋದೇ ಗೊತ್ತಾಗಲ್ಲ, ಹೆಣೆದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಮೊನ್ನೆ ಸಣ್ಣವನು ಕಡ್ಡೀನೇ ಎಳೆದುಬಿಟ್ಟ. ಇದರ ಮೇಲೆ ನಮ್ಮತ್ತೆ, 400 ರೂಪಾಯಿ ಕೊಟ್ರೆ ಅಂಗಡೀಲಿ ಸ್ವೆಟರ್ ಸಿಗುತ್ತೆ, ಇದ್ಯಾವ ಹುಚ್ಚು ನಿಂಗೆ ಅಂತಾರೆ. ಏನ್ ಹೇಳ್ಲಿ ಅವ್ರಿಗೆ?

ಉತ್ತರ: ಅತ್ತೆ ಲೆಕ್ಕ ಸರಿಯಾಗೇ ಇದೆ ತಂಗಿ, ಅದನ್ನ ವಾದ ಮಾಡಿ ಗೆಲ್ಲೋಕೆ ಹೋಗ್ಬೇಡಿ. 4-5 ವರ್ಷದ ಮಗುವಿನ ಸ್ವೆಟರ್‌ಗೆ ಸುಮಾರು 200 ಗ್ರಾಂ ಉಲ್ಲನ್ ಬೇಕು, ಅದರ ದುಡ್ಡು, ಗುಂಡಿ ದುಡ್ಡು, ಮೇಲೆ ನಿಮ್ಮ ಒಂದು ತಿಂಗಳ ಸಂಜೆ, ಎಲ್ಲಾ ಕೂಡಿದ್ರೆ ಅಂಗಡೀದೇ ಅಗ್ಗ. ಅದಕ್ಕೆ ಉಳಿತಾಯ ಆಗುತ್ತೆ ಅಂತ ಸುಳ್ಳು ಹೇಳ್ಬೇಡಿ, ನಂಗೆ ಇಷ್ಟ ಅತ್ತೆ, ಅದಕ್ಕೆ ಮಾಡ್ತೀನಿ ಅನ್ನಿ, ಸಾಕು. ನಿಮ್ಮ ಯಜಮಾನ್ರು ಟ್ರೇನಲ್ಲಿ ಇಸ್ಪೀಟೋ ಮೊಬೈಲೋ ನೋಡ್ಕೊಂಡು ಬಂದ್ರೆ ಇವತ್ತು ಅದರಲ್ಲಿ ಎಷ್ಟು ಉಳೀತಪ್ಪಾ ಅಂತ ಮನೇಲಿ ಯಾರಾದ್ರೂ ಕೇಳ್ತಾರಾ? ಹೆಂಗಸರ ಕೈಯಲ್ಲಿ ಏನಾದ್ರೂ ಇದ್ರೆ ಮಾತ್ರ ಅದಕ್ಕೆ ರೇಟ್ ಕಟ್ಟೋ ಅಭ್ಯಾಸ ನಮ್ಮಲ್ಲಿ. ನಮ್ಮತ್ತೆ ಕೂಡ ಹಿಂಗೇ ಅಂತಿದ್ರು, ಒಂದಿನ ಲಡಿ ಬಿಡಿಸಿ ಉಂಡೆ ಸುತ್ತೋಕೆ ಕೈ ಹಿಡೀರಿ ಅಂತ ಕೂರಿಸ್ಕೊಂಡೆ, ಆಮೇಲೆ ಬಣ್ಣ ಆರಿಸೋದ್ರಲ್ಲಿ ನನಗಿಂತ ಅವ್ರದ್ದೇ ಜೋರು. ಎಲ್ಲಾ ಮನೇಲೂ ಹಿಂಗಾಗುತ್ತೆ ಅಂತ ಏನಿಲ್ಲ, ನೋಡಿ ಒಂದ್ಸಲ.

ಈಗ ಎದ್ದು ಎದ್ದು ಹೋಗೋ ವಿಷ್ಯಕ್ಕೆ ಬರ್ತೀನಿ. ಒಂದೇ ಕೆಲಸ ಇಟ್ಕೋಬೇಡಿ, ಎರಡು ಇಟ್ಕೊಳ್ಳಿ. ಹಗಲಿಗೆ ಒಂದು ದಡ್ಡ ಕೆಲಸ, ಅಂದ್ರೆ ಎರಡೂ ಕಡೆ ಬರೀ ಸೀದಾ (ಮೊದಲು ಕಲಿಯೋ ಸಾದಾ ಸ್ಟಿಚ್) ಹೆಣೆಯೋ ಮಫ್ಲರ್ರೋ ಹೊದಿಕೆನೋ, ಅದರಲ್ಲಿ ಯಾವ ಸಾಲಾದ್ರೂ ಒಂದೇ, ಕುಕ್ಕರ್ ಎರಡು ವಿಸಿಲ್ ಕೂಗೋದ್ರೊಳಗೆ ಒಂದು ಸಾಲು, ಸಾರು ಕುದಿಯೋದ್ರೊಳಗೆ ಎರಡು ಸಾಲು, ಎಲ್ಲಿ ಬಿಟ್ರೂ ನಷ್ಟ ಇಲ್ಲ. ಎಣಿಸಿ ಹಾಕೋ ಡಿಸೈನ್ ಏನಿದ್ರೂ ಮಕ್ಕಳು ಮಲಗಿದ ಮೇಲೆ. ಮೊದಲು ನಾನೂ ಬಿಡುವಾದಾಗ ಮಾಡ್ತೀನಿ ಅಂತ ಕಾಯ್ತಿದ್ದೆ, ಸಂಸಾರದಲ್ಲಿ ಬಿಡುವು ಅನ್ನೋದು ಒಟ್ಟಿಗೆ ಎಲ್ಲಿ ಬರುತ್ತೆ ಹೇಳಿ, ಚಿಲ್ಲರೆ ಚಿಲ್ಲರೆಯಾಗೇ ಬರೋದು.

ಸಾಲಿನ ಮಧ್ಯೆ ಎದ್ದು ಹೋಗ್ಬೇಕಾದ್ರೆ ಒಂದು ನೆನಪಿಟ್ಕೊಳ್ಳಿ, ಉಂಡೆಯಿಂದ ಬಂದ ದಾರ ಯಾವ ಕಡ್ಡೀಲಿ ನೇತಾಡ್ತಿದೆಯೋ ಆ ಕಡ್ಡಿ ಬಲಗೈಗೆ ಬರ್ಬೇಕು. ಇಷ್ಟು ಗೊತ್ತಿದ್ರೆ ಉಲ್ಟಾ ದಿಕ್ಕಿಗೆ ಹೆಣೆಯೋ ತಪ್ಪು ಆಗಲ್ಲ. ಸಾಲು ಎಣಿಸೋಕೆ ಮೊಬೈಲ್ ಆಪ್ ಇವೆ ಅಂತಾರೆ, ನಾನು ಎರಡು ಬಟ್ಟಲಲ್ಲಿ ಹುಣಸೆಬೀಜ ಇಟ್ಕೋತೀನಿ, ಒಂದು ಸಾಲು ಮುಗಿದ್ರೆ ಒಂದು ಬೀಜ ಆ ಕಡೆಗೆ. ತುಮಕೂರಲ್ಲಿ ಹುಣಸೆಬೀಜಕ್ಕೇನು ಬರ! ಮಗ ಕಡ್ಡಿ ಎಳೆಯೋದಕ್ಕೂ ಒಂದು ಉಪಾಯ ಇದೆ. ಹತ್ತು ಸಾಲಿಗೊಮ್ಮೆ ದಪ್ಪ ಸೂಜೀಲಿ ಬೇರೆ ಬಣ್ಣದ ಹೊಲಿಗೆ ದಾರ ಪೋಣಿಸಿ, ಕಡ್ಡಿ ಮೇಲಿರೋ ಎಲ್ಲಾ ಸ್ಟಿಚ್ ಒಳಗೂ ತೂರಿಸಿ ಬಿಟ್ಬಿಡಿ. ಅವನು ಎಷ್ಟೇ ಎಳೆದ್ರೂ ಆ ದಾರದ ತನಕ ಬಿಚ್ಕೊಂಡು ಅಲ್ಲೇ ನಿಲ್ಲುತ್ತೆ, ಅಲ್ಲಿಂದ ಮತ್ತೆ ಕಡ್ಡಿಗೆ ಏರಿಸ್ಕೊಂಡು ಹೋಗ್ತಾ ಇರಿ.

ಪ್ರಶ್ನೆ: ಶಿಡ್ಲಘಟ್ಟದ ಹತ್ರ ಹಳ್ಳಿ, ನಾವು ರೇಷ್ಮೆ ಹುಳ ಸಾಕೋರು. ಸೊಪ್ಪು ತರೋದು, ಸೊಪ್ಪು ಹಾಕೋದು, ಇದೇ ಆಯ್ತು ಜೀವನ. ನಂಗೂ ಹೆಣಿಗೆ ಆಸೆ. ನಮ್ಮಂಥೋರಿಗೆ ಟೈಮ್ ಎಲ್ಲಿ ಸಿಗುತ್ತೆ ಅಕ್ಕ? ಇನ್ನೊಂದು, ಉಲ್ಲನ್ ಎತ್ತಿಡೋವಾಗ ನುಸಿಗುಳಿಗೆ ಹಾಕ್ಲೇಬೇಕಾ?

ಉತ್ತರ: ಎರಡನೇದಕ್ಕೆ ಮೊದಲು ಹೇಳ್ತೀನಿ ಯಾಕಂದ್ರೆ ಅದು ಅರ್ಜೆಂಟು. ಹುಳದ ಮನೆ ಇರೋ ಕಡೆ ನುಸಿಗುಳಿಗೆ ತರ್ಲೇಬೇಡಿ ತಾಯಿ! ಸೊಳ್ಳೆ ಕಾಯಿಲ್‌ಗೂ ಹೆದರೋ ಹುಳ ಅದು, ನಿಮಗೆ ನಾನು ಹೇಳ್ಬೇಕಾ. ನಿಮಗೆ ಅದರ ಅಗತ್ಯನೂ ಇಲ್ಲ ಅನ್ಸುತ್ತೆ, ಯಾಕಂದ್ರೆ ಸಾಮಾನ್ಯವಾಗಿ ಅಂಗಡೀಲಿ ಉಲ್ಲನ್ ಅಂತ ಕೊಡೋದು ಅಕ್ರಿಲಿಕ್, ನುಸಿ ತಿನ್ನೋದು ನಿಜವಾದ ಉಣ್ಣೇನ. ಅನುಮಾನ ಇದ್ರೆ ಬೆರಳುದ್ದ ದಾರ ಆಚೆ ತಗೊಂಡೋಗಿ ಸುಟ್ಟು ನೋಡಿ, ಕೂದಲು ಸುಟ್ಟ ವಾಸನೆ ಬಂದ್ರೆ ಉಣ್ಣೆ, ಕರಗಿ ಗಟ್ಟಿ ಮಣಿ ಥರ ಆದ್ರೆ ಅಕ್ರಿಲಿಕ್. ಮಣಿ ಆದ್ರೆ ಮುಚ್ಚಳ ಇರೋ ಡಬ್ಬೀಲಿ ಹಾಕಿಡಿ ಸಾಕು. ಆಮೇಲೆ ಅದಕ್ಕೆ ಇಸ್ತ್ರಿ ಮಾತ್ರ ಇಡಬೇಡಿ, ಅಂಟ್ಕೊಂಡು ಕೂರುತ್ತೆ.

ಟೈಮ್ ವಿಷ್ಯಕ್ಕೆ ನಿಮ್ಮ ಹುಳಾನೇ ಕ್ಯಾಲೆಂಡರ್. ಹುಳ ಜ್ವರಕ್ಕೆ ಕೂತಾಗ, ಅಂದ್ರೆ ಪೊರೆ ಬಿಡೋವಾಗ, ಹೆಚ್ಚು ಕಮ್ಮಿ ಒಂದು ದಿನ ಸೊಪ್ಪು ಮುಟ್ಟಲ್ಲ ಅಲ್ವಾ, ಒಂದು ಬೆಳೇಲಿ ಅಂಥ ಜ್ವರ ನಾಲ್ಕು. ಆ ದಿನ ನಿಮ್ಮದು. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಕಡ್ಡಿ ಅಟ್ಟಕ್ಕೆ ಹಾಕಿ, ಆ ಒಂದು ವಾರದಲ್ಲೇ ಇಡೀ ಬೆಳೆ ಸೊಪ್ಪಲ್ಲಿ ನೂರಕ್ಕೆ 80 ಭಾಗ ಖರ್ಚಾಗೋದು, ಊಟಕ್ಕೇ ಟೈಮ್ ಇರಲ್ಲ. ಹಣ್ಣು ಹುಳ, ಅಂದ್ರೆ ಗೂಡು ಕಟ್ಟೋಕೆ ತಯಾರಾದ ಹುಳ, ಚಂದ್ರಿಕೆಗೆ (ಗೂಡು ಕಟ್ಟಿಸೋ ತಟ್ಟೆಗೆ) ಬಿಟ್ಟ ಮೇಲೆ ಗೂಡು ಬಿಡಿಸೋ ತನಕ ಮತ್ತೆ ನಾಲ್ಕೈದು ದಿನ ಸಿಗುತ್ತೆ. ನಂಗೆ ನಗು ಬರೋದು ಏನಂದ್ರೆ, ನಮ್ಮ 50 ಗ್ರಾಂ ಉಂಡೇಲಿ ದಾರ ಇರೋದು ನೂರು, ನೂರಿಪ್ಪತ್ತು ಮೀಟರ್, ಬೆರಳ ತುದಿಯಷ್ಟಿರೋ ನಿಮ್ಮ ಗೂಡಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಎಳೆ. ಅದನ್ನ ಸಿಕ್ಕಾಗದಂಗೆ ಮೂರು ದಿನಕ್ಕೆ ಸುತ್ತಿ ಮುಗಿಸುತ್ತೆ ಆ ಹುಳ, ನಾವು ಒಂದು ಉಂಡೆ ಬಿಡಿಸೋಕೆ ಮನೆಮಂದೀನೆಲ್ಲಾ ಕರೀತೀವಿ.

ಪ್ರಶ್ನೆ: ಯೂಟ್ಯೂಬಲ್ಲಿ ಅಮೆರಿಕದವರೊಬ್ರ ವಿಡಿಯೋ ನೋಡಿ, ಅವ್ರು ಹೇಳಿದ ಹಾಗೆ 8ನೇ ನಂಬರ್ ಕಡ್ಡೀಲಿ 60 ಸ್ಟಿಚ್ ಹಾಕಿ ನನ್ನ 5 ವರ್ಷದ ಮಗಳಿಗೆ ಸ್ವೆಟರ್ ಹೆಣೆದೆ. ಅವಳ ತಲೇನೇ ಹೋಗಲಿಲ್ಲ, ಪಕ್ಕದ ಮನೆ ಎರಡು ವರ್ಷದ ಮಗೂಗೆ ಸರಿಹೋಯ್ತು. ಎಲ್ಲಿ ತಪ್ಪಿದೆ? ಚಿಂತಾಮಣಿ.

ಉತ್ತರ: ನೀವು ತಪ್ಪಿಲ್ಲ, ನಂಬರ್ ತಪ್ಪಿದೆ. ನಮ್ಮ ಅಂಗಡೀಲಿ ಸಿಗೋ ಕಡ್ಡಿಗೆ ಹಳೇ ಇಂಗ್ಲೆಂಡ್ ನಂಬರ್, ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, 8 ಅಂದ್ರೆ 4 ಮಿಲಿಮೀಟರ್, 10 ಅಂದ್ರೆ 3.25. ಅಮೆರಿಕದ್ದು ಉಲ್ಟಾ, ಏರಿದಷ್ಟೂ ದಪ್ಪ, ಅವರ 8 ಅಂದ್ರೆ 5 ಮಿಲಿಮೀಟರ್, ನಮ್ಮಲ್ಲಿ ಅದು 6ನೇ ನಂಬರ್. ಆ ಒಂದು ಮಿಲಿಮೀಟರ್ ಏನು ಮಾಡುತ್ತೆ ನೋಡಿ. ದಪ್ಪ ಕಡ್ಡೀಲಿ ಇಂಚಿಗೆ ನಾಲ್ಕೂವರೆ ಸ್ಟಿಚ್ ಬರುತ್ತೆ ಅಂದ್ಕೊಳ್ಳಿ, 60ಕ್ಕೆ 13 ಇಂಚಿನ ಮೇಲಾಯ್ತು. ಸಣ್ಣದ್ರಲ್ಲಿ ಐದೂವರೆ ಬಂದ್ರೆ ಅದೇ 60ಕ್ಕೆ 11 ಇಂಚೂ ಇಲ್ಲ. ಮುಂದೆ ಹಿಂದೆ ಎರಡೂ ಸೇರಿ ಸುತ್ತಳತೇಲಿ ಹತ್ತಿರ 5 ಇಂಚು ಮಾಯ! ಇನ್ನು ಮುಂದೆ ನಂಬರ್ ನೋಡ್ಲೇಬೇಡಿ, ಕಡ್ಡಿ ಮೇಲೆ ಮಿಲಿಮೀಟರ್ ಅಚ್ಚು ಹಾಕಿರ್ತಾರೆ, ಅದನ್ನ ನೋಡಿ. ಮತ್ತೆ ಶುರು ಮಾಡೋ ಮುಂಚೆ 30 ಸ್ಟಿಚ್ ಹಾಕಿ ಅಂಗೈ ಅಗಲ ಹೆಣೆದು, ಟೇಪ್ ಇಟ್ಟು ಇಂಚಿಗೆ ಎಷ್ಟು ಅಂತ ಎಣಿಸಿ. ಯಾರೂ ಮಾಡಲ್ಲ ಇದನ್ನ, ನಾನೂ ಎಷ್ಟೋ ವರ್ಷ ಮಾಡ್ತಿರಲಿಲ್ಲ, ನಮ್ಮ ಯಜಮಾನ್ರಿಗೆ ಹೆಣೆದ ಮೊದಲನೇ ಸ್ವೆಟರ್ ತೋಳು ಮೊಣಕಾಲು ಮುಟ್ತಿತ್ತು, ಪಾಪ ಮಡಚ್ಕೊಂಡು ಹಾಕ್ಕೋತಿದ್ರು. ನಿಮ್ಮ ಸ್ವೆಟರ್ ಪಕ್ಕದ ಮನೆ ಮಗೂಗೇ ಕೊಟ್ಬಿಡಿ.

ಪ್ರಶ್ನೆ: ಮಗಳು ಈಗ ಏಳು ತಿಂಗಳ ಬಸುರಿ. ಕುಲಾವಿ, ಸ್ವೆಟರ್ ಹೆಣಿಯೋಣ ಅಂದ್ರೆ ಬೀಗಿತ್ತಿ ಮಗು ಹುಟ್ಟೋಕೆ ಮುಂಚೆ ಬಟ್ಟೆ ಮಾಡಬಾರದು ಅಂತಾರೆ. ಹುಟ್ಟಿದ ಮೇಲೆ ಬಾಣಂತನದಲ್ಲಿ ನಂಗೆಲ್ಲಿ ಪುರುಸೊತ್ತು? ಮುಳಬಾಗಿಲು.

ಉತ್ತರ: ಬೀಗರ ಜೊತೆ ಇದಕ್ಕೆಲ್ಲಾ ಜಗಳ ಬೇಡಮ್ಮ. ಸ್ವೆಟರ್‌ನ ಮುಂದೆ, ಹಿಂದೆ, ತೋಳು ಎಲ್ಲಾ ಬಿಡಿಬಿಡಿಯಾಗೇ ಹೆಣೆಯೋದು ತಾನೇ, ಹೆಣೆದು ಹೊಲಿಗೆ ಹಾಕದೆ ಹಂಗೇ ಇಟ್ಬಿಡಿ. ಹೊಲಿಯೋ ತನಕ ಅದು ಬಟ್ಟೆ ಅಲ್ಲ, ಬರೀ ತುಂಡು. ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ಸಾಕು ಜೋಡಿಸೋಕೆ, ಅವರ ಮಾತೂ ಉಳೀತು. ಅಳತೆ ಮಾತ್ರ ಆರು ತಿಂಗಳ ಮಗೂದು ಇಟ್ಕೊಳ್ಳಿ, ಹುಟ್ಟಿದ ಮಗುವಿನ ಅಳತೆಗೆ ಹೆಣೆದ್ರೆ ಕೆಲವೇ ವಾರಕ್ಕೆ ಬಿಗಿ ಆಗೋಗುತ್ತೆ. ತುಪ್ಪಳ ಏಳೋ ಉಲ್ಲನ್ ಬೇಡ, ಬಾಯಿಗೆ ಹೋಗುತ್ತೆ. ತೂತು ತೂತು ಡಿಸೈನ್ ಬೇಡ, ಬೆರಳು ಸಿಕ್ಕಿಹಾಕ್ಕೊಳ್ಳುತ್ತೆ. ಮಗೂಗೆ ಕೈಗವಸು ಹೆಣೆದ್ರೆ ಅದರ ಒಳಗಡೆ ದಾರದ ತುದಿ ಬಿಟ್ಟಿದ್ದೀರಾ ಅಂತ ತಿರುಗಿಸಿ ನೋಡಿ, ಎಳೆ ಬೆರಳಿಗೆ ಸುತ್ಕೊಂಡ್ರೆ ಮಗು ಯಾಕೆ ಅಳ್ತಿದೆ ಅಂತಾನೇ ಗೊತ್ತಾಗಲ್ಲ. ಕತ್ತಿಗೆ ಕಟ್ಟೋ ರಿಬ್ಬನ್ ಬದಲು ಗುಂಡಿ ಇಡಿ, ಅದೂ ಎರಡು ಸಲ ಬಿಗಿಯಾಗಿ ಹೊಲಿದು.

ಪ್ರಶ್ನೆ: ನಾನು ಬಸ್ ಕಂಡಕ್ಟರ್ ಆಗಿ ರಿಟೈರ್ ಆದವನು, ಚಿಕ್ಕಬಳ್ಳಾಪುರ. ಮನೆಯವಳು ಹೆಣೆಯೋದು ನೋಡಿ ನೋಡಿ ನಂಗೂ ಕಲಿಯೋಣ ಅನ್ಸಿದೆ. ಗಂಡಸು ಇದನ್ನ ಮಾಡಿದ್ರೆ ನಗ್ತಾರಾ? ಹೆಸರು ಹಾಕ್ಬೇಡಿ.

ಉತ್ತರ: ನಗ್ತಾರೆ ಸರ್, ಎರಡು ದಿನ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಡೈವಿಂಗ್‌ನಲ್ಲಿ ಚಿನ್ನ ಗೆದ್ದ ಇಂಗ್ಲೆಂಡಿನ ಟಾಮ್ ಡೇಲಿ ಗ್ಯಾಲರೀಲಿ ಕೂತು ಹೆಣೀತಿದ್ದಿದ್ದನ್ನ ಜಗತ್ತೆಲ್ಲಾ ನೋಡ್ತು, ಪದಕಕ್ಕೂ ಒಂದು ಚೀಲ ಹೆಣೆದಿಟ್ಕೊಂಡಿದ್ದ. ಹಿಂದೆ ಫ್ರಾನ್ಸಿನ ಲಾಂಡ್ ಅನ್ನೋ ಜೌಗು ಸೀಮೇಲಿ ಕುರಿ ಕಾಯೋ ಗಂಡಸರು ಮರಗಾಲು ಕಟ್ಕೊಂಡು, ಮೇಲಿಂದ ಮಂದೆ ನೋಡ್ಕೊಳ್ತಾ ಹೆಣೀತಿದ್ರಂತೆ. ಅಷ್ಟು ದೂರ ಯಾಕೆ, ನಮ್ಮ ಸಿರಾ ಕಡೆ ಕುರಿ ಹಿಂದೆ ನಡೀತಾ ತಕಲೀಲಿ ಕಂಬಳಿ ಉಣ್ಣೆ ನೂಲ್ತಿದ್ದವರು ಯಾರು, ಗಂಡಸರೇ ಅಲ್ವಾ.

ಎರಡು 8ನೇ ನಂಬರ್ ಕಡ್ಡಿ, ತಿಳಿ ಬಣ್ಣದ ಎರಡು ಮೂರು ಉಂಡೆ ತಗೊಳ್ಳಿ. ಕಪ್ಪು ಬೇಡ, ಸಂಜೆ ದೀಪದಲ್ಲಿ ಸ್ಟಿಚ್ ಕಾಣಲ್ಲ. 40 ಸ್ಟಿಚ್ ಹಾಕಿಸ್ಕೊಳ್ಳಿ ಮನೆಯವರ ಹತ್ರ, ಆಮೇಲೆ ಬರೀ ಸೀದಾ. ಅರ್ಧ ಗಂಟೆಗೊಮ್ಮೆ ಕೈ ಬಿಡಿ, ಹೊಸಬರು ಕಡ್ಡಿ ಬಿಗಿಯಾಗಿ ಹಿಡೀತಾರೆ, ಬೆರಳು ಜೋಮು ಹಿಡಿಯೋದು ನಿಲ್ಲದೇ ಇದ್ರೆ ಡಾಕ್ಟರಿಗೆ ತೋರಿಸಿ. ನಂದಿ ಬೆಟ್ಟದ ಕಡೆ ಮಂಜು ಇಳಿಯೋ ಹೊತ್ತಿಗೆ ಒಂದು ಮಫ್ಲರ್ ಆಗುತ್ತೆ. ಮೊದಲನೇದು ಹೋಗ್ತಾ ಹೋಗ್ತಾ ಅಗಲ ಆಗೋದೇ ಎಲ್ಲರದ್ದೂ, ಅಂಚಲ್ಲಿ ದಾರ ಕಡ್ಡಿ ಮೇಲೆ ಹೋಗಿ ಒಂದು ಸ್ಟಿಚ್ ಎರಡಾಗಿರುತ್ತೆ. ಅದಕ್ಕೆ ಪ್ರತಿ ಸಾಲು ಮುಗಿದಾಗಲೂ 40 ಇದೆಯಾ ಅಂತ ಎಣಿಸ್ಬೇಕು. ಸ್ಟಾಪಿಗೊಂದ್ಸಲ ಬಸ್ಸಲ್ಲಿ ತಲೆ ಎಣಿಸಿದವರಿಗೆ ಅದನ್ನ ನಾನು ಹೇಳ್ಕೊಡ್ಬೇಕಾ ಸರ್!